ವಿಲ್ಟ್‌ನ 50 ದೊಡ್ಡದಾ, ಜೋರ್ಡನ್‌ನ 35 ದೊಡ್ಡದಾ?

ಭಾನುವಾರ ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ಆಟ ಮುಗ್ಸಿ ಸಿಮೆಂಟ್ ಕೋರ್ಟ್ ಪಕ್ಕ ನೀರು ಕುಡೀತಾ ಕೂತಾಗ ನಮ್ಮ ಹುಡುಗ್ರಲ್ಲಿ ಒಬ್ಬನಾದ್ರೂ ಕೇಳೇ ಕೇಳ್ತಾನೆ, "ಅಣ್ಣ, ಅಮೆರಿಕದ ಎನ್‌ಬಿಎ ಲೀಗಿನ ಚರಿತ್ರೇಲೇ ಎಲ್ಲಕ್ಕಿಂತ ದೊಡ್ಡ ಸೀಸನ್ ಯಾರ್ದು? ವಿಲ್ಟ್ ಚೇಂಬರ್ಲೇನ್ ಮ್ಯಾಚಿಗೆ 50 ಹೊಡೆದ್ನಲ್ಲ ಅದಾ, ಜೋರ್ಡನ್‌ದಾ, ಸ್ಟೆಫ್ ಕರ್ರಿದಾ?" ಆಫೀಸಲ್ಲೂ ಇದೇ ಪ್ರಶ್ನೆ, ವಾಟ್ಸಾಪ್ ಗ್ರೂಪಲ್ಲೂ ಇದೇ. ಪ್ರತಿ ಸಲ ಅರ್ಧಂಬರ್ಧ ಹೇಳಿ ಎದ್ದು ಬರ್ತಿದ್ದೆ, ಇವತ್ತು ಪೂರ್ತಿ ಬರ್ದುಬಿಡ್ತೀನಿ.

ನನ್ನ ಉತ್ತರ ವಿಲ್ಟ್, 1961-62. ಆದ್ರೆ ಆ 50ಕ್ಕೋಸ್ಕರ ಅಲ್ಲ.

ಮೊನ್ನೆ ಸೀಮೆಸುಣ್ಣ ತಗೊಂಡು ಕೋರ್ಟ್ ಮೇಲೇ ಲೆಕ್ಕ ಮಾಡಿ ತೋರಿಸ್ದೆ. 1961-62ರಲ್ಲಿ ಒಂದು ಟೀಮು ಸರಾಸರಿ ಮ್ಯಾಚಿಗೆ 118.8 ಪಾಯಿಂಟ್ ಹೊಡೀತಿತ್ತು, ಜೋರ್ಡನ್ ಮೆರೆದ 1987-88ರಲ್ಲಿ 108.2. ಆ ಅಳತೆಗೆ ಇಳಿಸಿದ್ರೆ ವಿಲ್ಟ್‌ನ 50.4 ಸುಮಾರು 46 ಆಗುತ್ತೆ. ಆಮೇಲೆ ವಿಲ್ಟ್ ಆಡಿದ್ದು ಮ್ಯಾಚಿಗೆ 48.5 ನಿಮಿಷ, ಜೋರ್ಡನ್ 40.4, ಇಬ್ರಿಗೂ ಒಂದೇ ಟೈಮ್ ಕೊಟ್ರೆ 46 ಹೋಗಿ 38 ಆಯ್ತು. ಜೋರ್ಡನ್‌ನ ನಿಜವಾದ ಸರಾಸರಿ 35. ಅಂದ್ರೆ 15 ಪಾಯಿಂಟ್ ಅಂತರ ಅಂತ ಕಾಣ್ತಿದ್ದದ್ದು ಮೂರಕ್ಕೆ ಬಂತು, ಅದೂ ವಿಲ್ಟ್ ಮ್ಯಾಚಿಗೆ ಹತ್ತತ್ರ 40 ಶಾಟ್ ಹಾಕ್ತಿದ್ದ, ಜೋರ್ಡನ್ ಹಾಕಿದ್ದು 24 ಚಿಲ್ಲರೆ, ಜೊತೆಗೆ ಆ ವರ್ಷ ಎಂವಿಪಿನೂ (ಸೀಸನ್ನಿನ ಅತ್ಯುತ್ತಮ ಆಟಗಾರ) ಅವನೇ, ಬೆಸ್ಟ್ ಡಿಫೆಂಡರ್ ಪ್ರಶಸ್ತಿನೂ ಅವನಿಗೇ. ಬರೀ ಪಾಯಿಂಟ್ ನೋಡಿ ಹೇಳು ಅಂದ್ರೆ ನಾನು ಜೋರ್ಡನ್ ಕಡೆ.

ಆ ಕಾಲದ ಅಂಕಿಗಳು ಯಾಕೆ ಅಷ್ಟು ಉಬ್ಬಿರ್ತವೆ ಅಂದ್ರೆ, ಓಡೋದು, ಬೇಗ ಹೊಡೆಯೋದು, ತಪ್ಪೋದು, ಮತ್ತೆ ಓಡೋದು, ಅದೇ ಆಗಿನ ಆಟ. ನೂರು ಶಾಟಲ್ಲಿ 43 ಕೂಡ ಸರಿಯಾಗಿ ಬೀಳ್ತಿರ್ಲಿಲ್ಲ, ಹಂಗಾಗಿ ಒಂದೊಂದು ಟೀಮಿಗೆ ಮ್ಯಾಚಿಗೆ 70ರ ಮೇಲೆ ರಿಬೌಂಡ್, ಅಂದ್ರೆ ತಪ್ಪಿ ವಾಪಸ್ ಬಂದ ಚೆಂಡನ್ನ ಹಿಡಿಯೋದು. ಅದೇ ಸೀಸನ್ನಲ್ಲಿ ಆಸ್ಕರ್ ರಾಬರ್ಟ್‌ಸನ್ ಟ್ರಿಪಲ್ ಡಬಲ್ ಸರಾಸರಿ ಮಾಡಿದ, ಅಂದ್ರೆ ಪಾಯಿಂಟ್, ರಿಬೌಂಡ್, ಅಸಿಸ್ಟ್ (ಪಾಸ್ ಕೊಟ್ಟು ಇನ್ನೊಬ್ಬನಿಂದ ಪಾಯಿಂಟ್ ಹೊಡೆಸೋದು) ಮೂರೂ ಎರಡಂಕಿ: 12.5 ರಿಬೌಂಡ್, 11.4 ಅಸಿಸ್ಟ್. 2016-17ರಲ್ಲಿ ವೆಸ್ಟ್‌ಬ್ರೂಕ್ 10.7 ರಿಬೌಂಡ್, 10.4 ಅಸಿಸ್ಟ್ ತಗೊಂಡಾಗ ಟೀಮುಗಳಿಗೆ ಸಿಗ್ತಿದ್ದದ್ದು ಸರಾಸರಿ 43-44 ರಿಬೌಂಡ್ ಮಾತ್ರ, ಆದ್ರಿಂದ ರಿಬೌಂಡಲ್ಲಿ ವೆಸ್ಟ್‌ಬ್ರೂಕ್ ಮೇಲು. ಆದ್ರೆ ಅಸಿಸ್ಟ್ ವಿಷ್ಯದಲ್ಲಿ ಹಳೇ ಕಾಲದಲ್ಲಿ ಸ್ಕೋರ್ ಬರೆಯೋರು ಕೈ ಬಿಗಿ, ಪಾಸ್ ತಗೊಂಡವನು ಡ್ರಿಬಲ್ ಮಾಡಿ ಹಾಕಿದ್ರೆ ಎಷ್ಟೋ ಸಲ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ, ಅಲ್ಲಿ ಆಸ್ಕರ್ ಮೇಲು. ಒಂದೇ ಸೀಸನ್ ಒಳಗೇ ಒಂದು ಅಂಕಿ ಸುಲಭ, ಒಂದು ಕಷ್ಟ.

ಈಗ ವಿಲ್ಟ್‌ನ ಆ 48.5 ನಿಮಿಷಕ್ಕೆ ಬರೋಣ. ಎನ್‌ಬಿಎ ಮ್ಯಾಚ್ ಇರೋದೇ 48 ನಿಮಿಷ! ಓವರ್‌ಟೈಮ್ ಸೇರಿದ್ರಿಂದ ಸರಾಸರಿ ಅದಕ್ಕೂ ಮೇಲೆ ಹೋಗಿದೆ. 80 ಮ್ಯಾಚ್, 3882 ನಿಮಿಷ. ಇಡೀ ಸೀಸನ್ನಲ್ಲಿ ಅವನು ಹೊರಗಿದ್ದದ್ದು ಎಂಟು ನಿಮಿಷದಷ್ಟು, ಅದೂ ಒಂದು ಮ್ಯಾಚಲ್ಲಿ ರೆಫರಿ ಹೊರಗೆ ಹಾಕಿದ್ರಿಂದ. ಏಳಡಿ ಒಂದಿಂಚಿನ ಆಳು, ಕ್ಯಾನ್ವಾಸ್ ಶೂ, ಪ್ರತಿ ಸಲ ರಿಂಗ್ ಕೆಳಗೆ ಇಬ್ರು ಮೂವರು ಮೈಮೇಲೆ ಬೀಳ್ತಿರೋವಾಗ. ನಾನು ಟೂರ್ನಮೆಂಟಲ್ಲಿ ಒಂದೇ ಒಂದು ಸಲ ಪೂರ್ತಿ 40 ನಿಮಿಷ ಆಡಿದ್ದೀನಿ, ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋಬೇಕಾಯ್ತು. ಪಾಯಿಂಟನ್ನ ಆಯಾ ಕಾಲದ ಆಟದ ವೇಗಕ್ಕೆ ತಕ್ಕಂತೆ ಇಳಿಸ್ಬಹುದು, ಈ ನಿಮಿಷಗಳನ್ನ ಹೆಂಗೆ ಇಳಿಸ್ತೀರಾ? ಆಟ ವೇಗ ಇದ್ದಷ್ಟೂ ಒಂದೊಂದು ನಿಮಿಷದ ಓಟ ಜಾಸ್ತಿನೇ ಆಗುತ್ತೆ.

ಕರ್ರಿಗೆ ನಾನು ಎರಡನೇ ಜಾಗ ಕೊಡೋದು. 2015-16ರಲ್ಲಿ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕೋ ಮೂರು ಪಾಯಿಂಟಿನ ಶಾಟ್), ಹಿಂದಿನ ದಾಖಲೆ ಅವನದ್ದೇ, 286. ಆ ವರ್ಷ ಎರಡನೇ ಸ್ಥಾನದಲ್ಲಿದ್ದ ಅವನದೇ ಟೀಮಿನ ಕ್ಲೇ ಥಾಂಪ್ಸನ್‌ದು 276. ತನ್ನ ಕಾಲದವರನ್ನೇ ಅಷ್ಟು ದೂರ ಬಿಟ್ಟು ಹೋದವನನ್ನ ಎರಡನೆಯವನು ಅನ್ನೋಕೆ ಮನಸ್ಸು ಬರಲ್ಲ, ಆದ್ರೆ ಅವನು ಆಡಿದ್ದು ಮ್ಯಾಚಿಗೆ 34 ನಿಮಿಷ. ತ್ರೀ ಪಾಯಿಂಟ್ ಗೆರೆ ಎನ್‌ಬಿಎಗೆ ಬಂದಿದ್ದೇ 1979-80ರಲ್ಲಿ, ಅದಕ್ಕೆ ವಿಲ್ಟ್ ಎಷ್ಟು ತ್ರೀ ಹೊಡೀತಿದ್ದ ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ.

"ಹಂಗಾದ್ರೆ 1961-62ರಲ್ಲಿ ಎಂವಿಪಿ ವಿಲ್ಟ್‌ಗೆ ಯಾಕೆ ಸಿಗ್ಲಿಲ್ಲ ಅಣ್ಣ?" ಅಂತ ಚಿಕ್ಕವನೊಬ್ಬ ಕೇಳ್ದ. ಒಳ್ಳೇ ಪ್ರಶ್ನೆ. ಆಗ ಓಟು ಹಾಕ್ತಿದ್ದವರು ಆಟಗಾರರೇ, ಅವರು ಆರಿಸಿದ್ದು ಬಿಲ್ ರಸೆಲ್‌ನ. ಅವನ ಸೆಲ್ಟಿಕ್ಸ್ 60 ಮ್ಯಾಚ್ ಗೆದ್ದು, ಪ್ಲೇಆಫಲ್ಲಿ ವಿಲ್ಟ್‌ನ ಟೀಮನ್ನ ಸರಣಿಯ ಏಳನೇ ಮ್ಯಾಚಲ್ಲಿ ಮನೆಗೆ ಕಳ್ಸಿ ಚಾಂಪಿಯನ್ ಆಯ್ತು. ಎದುರು ನಿಂತು ಆಡಿದವರ ಮಾತನ್ನ ನಾನು ತಳ್ಳಿಹಾಕಲ್ಲ. ಒಂದು ಸೀಸನ್ನಿನ ಸಾಹಸ ಅಂದ್ರೆ ವಿಲ್ಟ್, ನನ್ನ ಟೀಮಿಗೆ ಒಬ್ಬನ್ನೇ ಆರಿಸ್ಕೋ ಅಂದ್ರೆ ನಾನೂ ರಸೆಲ್‌ನೇ ಕರೀತೀನಿ.

"ರಸೆಲ್ ಮ್ಯಾಚಿಗೆ ಎಷ್ಟು ಶಾಟ್ ತಡೆದು ಬ್ಲಾಕ್ ಮಾಡ್ತಿದ್ದ?" ಅಂದ, ಸೀಮೆಸುಣ್ಣ ಈಗ ಅವನ ಕೈಲಿತ್ತು. ಎನ್‌ಬಿಎ ಬ್ಲಾಕ್ ಎಣಿಸೋಕೆ ಶುರು ಮಾಡಿದ್ದು 1973-74ರಿಂದ ಕಣೋ, ರಸೆಲ್ ಆಟ ಬಿಟ್ಟಿದ್ದು 1969ರಲ್ಲಿ, ವಿಲ್ಟ್ 1973ರಲ್ಲಿ, ಇಬ್ಬರದ್ದೂ ಲೆಕ್ಕ ಇಲ್ಲ ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಇಬ್ಬರ ಹೆಸರಿನ ಮುಂದೆನೂ ಒಂದೊಂದು ಗೀಟು ಎಳೆದ.