ದಿನಾ ಫಂಕ್ಷನ್ನೇ ಇರುತ್ತಲ್ಲ, ಪಾಠ ಯಾವಾಗ ಮಾಡ್ತೀರಾ?

ಮದುವೆ ಮನೆ, ನಾಮಕರಣ, ಅಪಾರ್ಟ್‌ಮೆಂಟ್ ಲಿಫ್ಟು, ಎಲ್ಲಿ ಸಿಕ್ರೂ ಜನ ನನ್ನ ಕೇಳೋದು ಇದೊಂದೇ ಪ್ರಶ್ನೆ. "ನಿಮ್ ಎಂಬಿಎ ಕಾಲೇಜಲ್ಲಿ ದಿನಾ ಏನಾದ್ರೂ ಫಂಕ್ಷನ್ ಇರುತ್ತಲ್ಲ, ಪಾಠ ಯಾವಾಗ ಮಾಡ್ತೀರಾ?" ತಪ್ಪು ಅವರದ್ದಲ್ಲ ಬಿಡಿ, ನನ್ನ ವಾಟ್ಸಾಪ್ ಸ್ಟೇಟಸ್‌ದು. ಸೋಮವಾರ ದೀಪ ಹಚ್ತಿರೋ ಫೋಟೋ, ಬುಧವಾರ ಯಾರಿಗೋ ಶಾಲು ಹೊದಿಸ್ತಿರೋ ಫೋಟೋ, ಶುಕ್ರವಾರ ಯಾವ್ದೋ ಫ್ಯಾಕ್ಟರಿ ಗೇಟ್ ಮುಂದೆ ಅರವತ್ತು ಮಕ್ಕಳ ಜೊತೆ ಬಿಸ್ಲಿಗೆ ಕಣ್ಣು ಕಿರಿದು ಮಾಡ್ಕೊಂಡು ನಿಂತಿರೋ ಫೋಟೋ. ನಾನೇ ಹೊರಗಿನವಳಾಗಿದ್ರೂ ಅದನ್ನೇ ಕೇಳ್ತಿದ್ದೆ.

ನಾನು ಬೆಂಗಳೂರಿನ ಒಂದು ಯೂನಿವರ್ಸಿಟಿಯ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಕಾಸ್ಟ್ ಅಕೌಂಟಿಂಗ್, ಅಂದ್ರೆ ಖರ್ಚು ವೆಚ್ಚದ ಲೆಕ್ಕ, ಹೇಳ್ಕೊಡ್ತೀನಿ. ಯಾವುದು ಅಂತ ಹೇಳಲ್ಲ, ಮುಂದೆ ಓದಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಐದು ವರ್ಷದ ಹಿಂದೆ ನಮ್ಮ ಎಚ್‌ಓಡಿ, ಅಂದ್ರೆ ವಿಭಾಗದ ಮುಖ್ಯಸ್ಥರು, ಕರೆದು "ಮೇಡಂ ನಿಮ್ಮ ಬರವಣಿಗೆ ಚೆನ್ನಾಗಿದೆ, ನ್ಯೂಸ್‌ಲೆಟರ್ ನೀವೇ ನೋಡ್ಕೊಳ್ಳಿ" ಅಂದ್ರು. ಹೊಗಳಿಕೆ ಅಂದ್ಕೊಂಡೆ, ಅದು ನನ್ನ ಕೊರಳಿಗೆ ಗಂಟೆ ಕಟ್ಟೋ ಕೆಲಸ ಅಂತ ಆಮೇಲೆ ಗೊತ್ತಾಯ್ತು. ಅವತ್ತಿಂದ ವಿಭಾಗದಲ್ಲಿ ಏನೇ ನಡೆದ್ರೂ ಫೋಟೋ ತೆಗೆಸೋದು, ಎರಡು ಪ್ಯಾರಾ ಬರೆಯೋದು, ಫೈಲ್ ಮಾಡೋದು ಎಲ್ಲ ನನ್ನ ತಲೆ ಮೇಲೆ.

ಪಾಠ ನಡೆಯುತ್ತೆ ಕಣ್ರೀ. ಬೆಳಿಗ್ಗೆ ಒಂಬತ್ತೂವರೆಗೆ ಶುರು, ಮಧ್ಯಾಹ್ನ ಊಟ ಆದ್ಮೇಲೂ ಇರುತ್ತೆ. ಆದ್ರೆ ಬೋರ್ಡ್ ಮೇಲೆ ಬ್ರೇಕ್ ಈವನ್, ಅಂದ್ರೆ ಲಾಭನೂ ಇಲ್ಲ ನಷ್ಟನೂ ಇಲ್ಲ ಅನ್ನೋ ಹಂತದ ಲೆಕ್ಕ ಬರೀತಿರೋ ಫೋಟೋ ಯಾರು ಸ್ಟೇಟಸ್‌ಗೆ ಹಾಕ್ತಾರೆ ಹೇಳಿ.

ಹಾಗಾದ್ರೆ ಇಷ್ಟೊಂದು ಕಾರ್ಯಕ್ರಮ ಯಾಕೆ? ಅರ್ಧ ಕಾರಣ ನಾಗರಭಾವಿಯಲ್ಲಿದೆ. ನ್ಯಾಕ್ ಅಂತಾರಲ್ಲ, ಕಾಲೇಜು ಯೂನಿವರ್ಸಿಟಿಗಳಿಗೆ ಗ್ರೇಡ್ ಕೊಡೋ ಸಂಸ್ಥೆ, 1994ರಲ್ಲಿ ಶುರುವಾಗಿದ್ದು, ಅದರ ಹೆಡ್ ಆಫೀಸ್ ಇರೋದು ನಮ್ಮ ಬೆಂಗಳೂರಿನ ಆ ನಾಗರಭಾವೀಲೇ. ಏಳು ವಿಭಾಗ ಮಾಡಿ ನೋಡ್ತಾರೆ, ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ ಲೈಬ್ರರಿ, ವಿದ್ಯಾರ್ಥಿಗಳಿಗೆ ಸಿಗೋ ಬೆಂಬಲ, ಆಡಳಿತ, ಕೊನೇದು ಮೌಲ್ಯಗಳು ಮತ್ತೆ ಒಳ್ಳೆ ಪದ್ಧತಿಗಳು. ಪ್ರತಿ ವರ್ಷ ವರದಿ ಕಳಿಸ್ಬೇಕು. ಉದ್ದೇಶ ಒಳ್ಳೇದೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಮಾಡಿದ್ದಕ್ಕೆಲ್ಲ ಸಾಕ್ಷಿ ಬೇಕು ಅಂದಾಗ ಏನಾಗುತ್ತೆ ಅಂದ್ರೆ ಒಳ್ಳೆ ಪಾಠಕ್ಕೆ ಸಾಕ್ಷಿ ಕೊಡೋದು ಕಷ್ಟ, ಫಂಕ್ಷನ್‌ಗೆ ಸುಲಭ. ಆಹ್ವಾನ ಪತ್ರಿಕೆ, ಹಾಜರಿ ಹಾಳೆ, ಫೋಟೋ, ವರದಿ, ಮುಗೀತು.

ಫೋಟೋ ಅಂದ್ರೆ ಬರೀ ಫೋಟೋ ಅಲ್ಲ, ಜಿಯೋಟ್ಯಾಗ್ ಫೋಟೋ. ಕೆಳಗಡೆ ಪುಟ್ಟ ಮ್ಯಾಪು, ಜಾಗದ ಹೆಸ್ರು, ದಿನಾಂಕ, ಟೈಮು ಎಲ್ಲ ಬಂದಿರ್ಬೇಕು. ಒಂದ್ಸಲ ಒಬ್ಬ ದೊಡ್ಡ ಗೆಸ್ಟ್ ಬಂದಿದ್ರು, ಎಲ್ಲ ಚೆನ್ನಾಗೇ ಆಯ್ತು, ಅವ್ರು ಕಾರ್ ಹತ್ತೋ ಟೈಮಲ್ಲಿ ಫೋಟೋ ತೆಗೀತಿದ್ದ ನಮ್ ಹುಡುಗ ಓಡ್ಬಂದ. "ಮೇಡಂ, ಲೊಕೇಶನ್ ಅಪ್‌ಡೇಟೇ ಆಗಿಲ್ಲ, ಬೆಳಿಗ್ಗೆ ತಿಂಡಿ ತಿಂದ ದರ್ಶಿನಿದೇ ಬಂದಿದೆ." ನೋಡಿದ್ರೆ ಹೌದು, ದೀಪ ಹಚ್ಚಿದ್ದು, ಶಾಲು ಹೊದಿಸಿದ್ದು, ಒಂದು ಗಂಟೆ ಭಾಷಣ ಎಲ್ಲ ದಾಖಲೆ ಪ್ರಕಾರ ಮಾಗಡಿ ರೋಡಿನ ಇಡ್ಲಿ ವಡೆ ಹೋಟೆಲಲ್ಲಿ ನಡೆದಿದೆ. ಪಾಪ ಅವರನ್ನ ಮತ್ತೆ ಒಳಗೆ ಕರ್ಕೊಂಡು ಬಂದು, ಆರಿದ ದೀಪ ಹಚ್ಚಿಸಿ, ಮಡಚಿ ಬ್ಯಾಗಿಗೆ ಹಾಕ್ಕೊಂಡಿದ್ದ ಶಾಲು ವಾಪಸ್ ಇಸ್ಕೊಂಡು ಹೊದಿಸಿ ಫೋಟೋ ತೆಗೆದ್ವಿ. ಖಾಲಿ ಹಾಲು. ಚಪ್ಪಾಳೆ ತಟ್ಟಿದ್ದು ನಾನು ಮತ್ತೆ ಅಟೆಂಡರ್ ಇಬ್ರೇ. ಆ ಫೋಟೋ ನೋಡಿದಾಗೆಲ್ಲ ಈಗ್ಲೂ ನನಗೆ ನಾಚಿಕೆ ಆಗುತ್ತೆ, ಆದ್ರೆ ಅವತ್ತಿನ ನ್ಯೂಸ್‌ಲೆಟರಲ್ಲಿ ಅದೇ ಮುಖಪುಟ.

ಹಂಗಂತ ಎಲ್ಲಾ ಫಂಕ್ಷನ್ನೂ ದಂಡ ಅಂತ ಹೇಳ್ತಿಲ್ಲ. ಗೆಸ್ಟ್ ಲೆಕ್ಚರ್‌ಗಳಲ್ಲಿ ಮುಕ್ಕಾಲು ಪಾಲು ದಂಡವೇ, ಅದು ನನ್ನ ಖಚಿತ ಅಭಿಪ್ರಾಯ. ಆದ್ರೆ ಮಕ್ಕಳೇ ನಡೆಸೋ ಫೆಸ್ಟ್ ಇದೆಯಲ್ಲ, ಅದು ಬೇರೆ ಕಥೆ. ಅಲ್ಲಿ ನಾನು ಮೂರು ತಿಂಗಳು ಬೋರ್ಡ್ ಮೇಲೆ ಒದ್ದಾಡಿ ಹೇಳೋದು ಒಂದೇ ಬೆಳಗಿನಲ್ಲಿ ತಲೆಗೆ ಹೋಗುತ್ತೆ.

ಎರಡು ವರ್ಷದ ಹಿಂದಿನ ಫೆಸ್ಟ್. ಮುಖ್ಯ ಅತಿಥಿಗೆ ಬಿಡುವಿದ್ದ ದಿನ ನೋಡಿ ಡೇಟ್ ಫಿಕ್ಸ್ ಮಾಡಿದ್ರು ಮಕ್ಳು, ಕ್ಯಾಲೆಂಡರ್ ಯಾರೂ ನೋಡ್ಲಿಲ್ಲ. ಅದು ವರಮಹಾಲಕ್ಷ್ಮಿ ಹಬ್ಬದ ಎರಡು ದಿನ ಮುಂಚೆ. ಸ್ಟೇಜ್ ಡೆಕೊರೇಶನ್ ಟೀಮಿನ ಮೂರು ಹುಡ್ಗೀರು ಹೋದ ವರ್ಷದ ಬಿಲ್ ನೋಡಿ ಚೆಂಡು ಹೂವಿಗೆ ಕೇಜಿಗೆ ಐವತ್ತು ಅಂತ ಬಜೆಟ್ ಹಾಕಿದ್ರು. ಬೆಳಿಗ್ಗೆ ನಾಲ್ಕೂವರೆಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ನಿಂತ್ರೆ ಕೇಜಿ ನೂರ ನಲವತ್ತು! ಸೇವಂತಿಗೆ ಮಾರು ಕೇಳೋ ಹಾಗೇ ಇಲ್ಲ. ನನಗೆ ಫೋನ್ ಮಾಡಿದ್ರು, ಅಳೋ ಧ್ವನಿ. "ಮೇಡಂ ದುಡ್ಡು ಸಾಲಲ್ಲ, ಏನ್ಮಾಡೋದು?" ನಾನು ನಿದ್ದೆಗಣ್ಣಲ್ಲೇ "ಬಜೆಟ್ ಮೀರೋ ಹಾಗಿಲ್ಲ, ನೀವೇ ನೋಡಿ" ಅಂತ ಫೋನ್ ಇಟ್ಟೆ. ನಿಜ ಹೇಳ್ಬೇಕು ಅಂದ್ರೆ ಅದು ಟೀಚಿಂಗ್ ಮೆಥಡ್ ಏನಲ್ಲ, ನಿದ್ದೆ.

ಕಾಲೇಜಿಗೆ ಹೋಗಿ ನೋಡಿದ್ರೆ ಸ್ಟೇಜು ಜಗಜಗ ಅಂತಿದೆ. ಏನ್ ಮಾಡಿದಾರೆ ಅಂದ್ರೆ ಹೂವು ಮೂರನೇ ಒಂದು ಭಾಗದಷ್ಟೇ ತಂದು, ಕ್ಯಾಮೆರಾ ಬೀಳೋ ಮುಂಭಾಗಕ್ಕೆ ಮಾತ್ರ ಹಾಕಿ, ಪಕ್ಕಕ್ಕೆ ಹಿಂದಕ್ಕೆಲ್ಲ ನಮ್ಮ ಕ್ಯಾಂಪಸ್ಸಿನ ಮರದ್ದೇ ಮಾವಿನ ಸೊಪ್ಪು ಕಟ್ಟಿದಾರೆ. ಗಿರಾಕಿಗೆ ಎಲ್ಲಿ ಬೆಲೆ ಕಾಣುತ್ತೋ ಅಲ್ಲಿ ಖರ್ಚು ಮಾಡು, ಕಾಣದ ಕಡೆ ಕಡಿತ ಮಾಡು, ನಮ್ಮ ಸಬ್ಜೆಕ್ಟಲ್ಲಿ ಇದಕ್ಕೆ ವ್ಯಾಲ್ಯೂ ಅನಾಲಿಸಿಸ್ ಅಂತ ಒಂದು ಇಡೀ ಚಾಪ್ಟರ್ರೇ ಇದೆ, ಅದ್ರಲ್ಲಿ ಈ ಮೂವರಲ್ಲಿ ಇಬ್ರು ಇಂಟರ್ನಲ್ಸಲ್ಲಿ ಫೇಲ್ ಆಗಿದ್ರು.

ಕಥೆ ಅಲ್ಲಿಗೆ ಮುಗೀಲಿಲ್ಲ. ಫೆಸ್ಟ್ ಆದ್ಮೇಲೆ ಲೆಕ್ಕ ಒಪ್ಪಿಸ್ಬೇಕಲ್ಲ. ಅಕೌಂಟ್ಸ್ ಸೆಕ್ಷನ್ನವರು ಹೂವಿನ ಖರ್ಚಿಗೆ ಜಿಎಸ್‌ಟಿ ನಂಬರ್ ಇರೋ ಬಿಲ್ ತನ್ನಿ ಅಂದ್ರು. ಮಾರ್ಕೆಟಲ್ಲಿ ಗೋಣಿ ಚೀಲ ಹಾಸ್ಕೊಂಡು ಕೂತ ಹೂವಮ್ಮ ಎಲ್ಲಿಂದ ಬಿಲ್ ಕೊಡ್ತಾರೆ! ಹುಡ್ಗೀರು ಕಾಲೇಜಿನ ವೋಚರ್ ಹಿಡ್ಕೊಂಡು ಮತ್ತೆ ಹೋಗಿ ಸೈನ್ ಹಾಕಿ ಅಂದ್ರೆ "ಸೈನು ಗೀನು ಬ್ಯಾಡ ಕಣವ್ವಾ, ಫೋನಲ್ಲಿ ದುಡ್ಡು ಹಾಕಿದ್ಯಲ್ಲ ಅದೇ ಸಾಕು" ಅಂದ್ರಂತೆ. ಆಮೇಲೆ ಅವರಲ್ಲೊಬ್ಳು ಕೂತು ಹುಡುಕಿ, ತಾಜಾ ಹೂವಿಗೆ ಜಿಎಸ್‌ಟಿನೇ ಇಲ್ಲ ಅಂತ ಕಂಡುಹಿಡಿದು, ಆ ಪಟ್ಟಿ ಪ್ರಿಂಟ್ ಹಾಕಿ, ಪೇಮೆಂಟ್ ಸ್ಕ್ರೀನ್‌ಶಾಟ್ ಜೊತೆ ಪಿನ್ ಮಾಡಿ, ನೋಟ್ ಶೀಟ್ ಬರೆದು ಸೂಪರಿಂಟೆಂಡೆಂಟ್ ಟೇಬಲ್ ಮೇಲೆ ಇಟ್ಳು. ಹನ್ನೊಂದು ದಿನ ಹಿಡೀತು, ದುಡ್ಡು ಬಂತು. ಇದ್ಯಾವುದೂ ನ್ಯೂಸ್‌ಲೆಟರಲ್ಲಿ ಇಲ್ಲ. ಅದ್ರಲ್ಲಿರೋದು "ಗಣ್ಯರಿಂದ ಫೆಸ್ಟ್ ಉದ್ಘಾಟನೆ".

ಕೆಲವೊಮ್ಮೆ ಕ್ಲಾಸ್ ಒಳಗೂ ಇಂಥ ಪಾಠ ತಾನಾಗೇ ಹುಟ್ಕೊಳ್ಳುತ್ತೆ. 2025ರ ಮೇ ನೆನಪಿದೆಯಾ, ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷಕ್ಕೆ 6.20 ಕೋಟಿ ಕೊಟ್ಟು ರಾಯಭಾರಿ ಮಾಡಿದ್ದು, ಕನ್ನಡದ ನಟಿಯರು ಯಾರೂ ಸಿಗ್ಲಿಲ್ವಾ ಅಂತ ಊರೆಲ್ಲ ಗಲಾಟೆ ಆಗಿದ್ದು. ಮಾರ್ಕೆಟಿಂಗ್ ಹೇಳ್ಕೊಡೋ ನಮ್ಮ ಸಹೋದ್ಯೋಗಿ ಅವತ್ತು ಯಾವ್ದೋ ಅಮೆರಿಕನ್ ಕಂಪನಿ ಕೇಸ್ ಜೆರಾಕ್ಸ್ ತಂದಿದ್ರು, ಅದನ್ನ ಬದಿಗಿಟ್ಟು ಇದನ್ನೇ ತಗೊಂಡ್ರು. ನಾನು ಹಿಂದಿನ ಬೆಂಚಲ್ಲಿ ಕೂತು ಕೇಳಿದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗ್ಬೇಕಿದ್ದ ಗಂಧ ಇಲ್ಲೇ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ ಅವ್ರ ಕಾಲದಲ್ಲಿ, 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಫ್ಯಾಕ್ಟರಿ ಶುರುವಾಗಿದ್ದು, ಆಮೇಲೆ ಸೋಪು ಬಂದಿದ್ದು, ಅಲ್ಲಿಂದ ಶುರು ಮಾಡಿದ್ರು. ತಮನ್ನಾ ಅವರನ್ನ ಆರಿಸಿದ್ದಕ್ಕೆ ಕೈಗಾರಿಕಾ ಸಚಿವರು ಕೊಟ್ಟ ಕಾರಣ ಕರ್ನಾಟಕದ ಹೊರಗಿನ ಮಾರುಕಟ್ಟೆ ಹಿಡೀಬೇಕು ಅಂತ. ಕ್ಲಾಸು ಎರಡು ಭಾಗ ಆಯ್ತು. ಗಲಾಟೆ ಮಧ್ಯೆ ಶಿರಾ ಕಡೆಯ ಹುಡುಗ ಒಬ್ಬ, ಅವ್ರಪ್ಪಂದು ದಿನಸಿ ಅಂಗಡಿ, ಅಲ್ಲಿವರೆಗೂ ಬಾಯೇ ಬಿಟ್ಟಿರ್ಲಿಲ್ಲ, ಎದ್ದು ನಿಂತು ಕನ್ನಡದಲ್ಲೇ ಹೇಳ್ದ: "ಸಾರ್, ನಮ್ಮಂಗಡೀಲಿ ಈ ಸೋಪು ಕೇಳ್ಕೊಂಡು ಬರೋರೆಲ್ಲ ನಮ್ಮಜ್ಜಿ ವಯಸ್ಸಿನೋರು. ಅಜ್ಜೀರಿಗೆ ಯಾವ ಹೀರೋಯಿನ್ನೂ ಬ್ಯಾಡ. ಹುಡ್ಗೀರು ಕೇಳ್ದಂಗ್ ಆದ್ರೆ ಮಾತ್ರ ಆ ದುಡ್ಡಿಗೆ ಬೆಲೆ, ಅದನ್ನ ಲೆಕ್ಕ ಹಾಕೋದು ಹೆಂಗೆ ಹೇಳಿ." ಐದು ನಿಮಿಷ ಯಾರೂ ಮಾತಾಡ್ಲಿಲ್ಲ. ಆ ಕ್ಲಾಸಿನ ಫೋಟೋನೂ ಇಲ್ಲ.

ಇನ್ನು ಪ್ಲೇಸ್‌ಮೆಂಟ್ ಸುದ್ದಿ. ಅದರ ಬಗ್ಗೆ ನನಗೆ ಸಿಟ್ಟಿದೆ. ಅತಿ ಹೆಚ್ಚು ಪ್ಯಾಕೇಜ್ ಇಷ್ಟು ಲಕ್ಷ ಅಂತ ಗೇಟಿಗೆ ಫ್ಲೆಕ್ಸ್ ಹಾಕ್ತೀವಲ್ಲ, ಅದು ಒಬ್ಬನದು. ನೂರಿಪ್ಪತ್ತು ಜನರಲ್ಲಿ ಒಬ್ಬನ ಸಂಬಳ ನೋಡಿ ಅಪ್ಪ ಅಮ್ಮ ಸಾಲ ಮಾಡಿ ಫೀಸ್ ಕಟ್ತಾರೆ. ನ್ಯೂಸ್‌ಲೆಟರಲ್ಲಿ ಮೀಡಿಯನ್ ಹಾಕೋಣ, ಅಂದ್ರೆ ಎಲ್ಲರನ್ನೂ ಸಂಬಳದ ಲೆಕ್ಕದಲ್ಲಿ ಸಾಲಾಗಿ ನಿಲ್ಸಿದ್ರೆ ಸರಿ ಮಧ್ಯದಲ್ಲಿ ನಿಂತವನದ್ದು, ಅಂತ ನಾನು ಎರಡು ಸಲ ಬರೆದೆ, ಎರಡು ಸಲಾನೂ "ಜಾಗ ಸಾಲಲ್ಲ" ಅಂತ ತೆಗೆದ್ರು. ನೀವು ಮಾತ್ರ ಮೋಸ ಹೋಗ್ಬೇಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರ್ತಿದೆಯಲ್ಲ, ಅದಕ್ಕೆ ಅರ್ಜಿ ಹಾಕೋ ಕಾಲೇಜು ಎಷ್ಟು ಜನ ಸೇರಿದ್ರು, ಎಷ್ಟು ಜನ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಮೀಡಿಯನ್ ಸಂಬಳ ಎಷ್ಟು ಅಂತ ಕೊಡ್ಲೇಬೇಕು, ಕೊಟ್ಟಿದ್ದನ್ನ ತಮ್ಮ ವೆಬ್‌ಸೈಟಲ್ಲೂ ಹಾಕ್ಬೇಕು. ಎಲ್ಲೋ ಮೂಲೇಲಿ ಒಂದು ಪಿಡಿಎಫ್ ಬಿದ್ದಿರುತ್ತೆ. ಹುಡುಕಿ ತೆಗೆದು ಫ್ಲೆಕ್ಸ್ ಪಕ್ಕ ಇಟ್ಟು ನೋಡಿ.

ಈ ವರ್ಷ ತುಮಕೂರಿಂದ ಚಿಕ್ಕಮ್ಮ ಫೋನ್ ಮಾಡಿದ್ರು, ಮಗ ಎಂಬಿಎ ಸೇರೋಕೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದಿದಾನೆ, ಕೌನ್ಸೆಲಿಂಗ್‌ಗೆ ಮುಂಚೆ ಎರಡು ಮೂರು ಕಾಲೇಜು ನೋಡ್ಕೊಂಡು ಬರೋಣ ಅಂತ. "ನಿಮ್ ಕಾಲೇಜಲ್ಲಿ ಫಂಕ್ಷನ್ ಯಾವತ್ತಿದೆ ಹೇಳು, ಅವತ್ತೇ ಬರ್ತೀವಿ, ಎಲ್ಲಾ ಚೆನ್ನಾಗ್ ಕಾಣುತ್ತೆ" ಅಂದ್ರು. ನಾನು ಬೇಡ ಚಿಕ್ಕಮ್ಮ, ಎಲ್ಲೇ ಹೋದ್ರೂ ಏನೂ ಇಲ್ಲದ ದಿನ ಹೋಗಿ, ಮಂಗಳವಾರ ಹನ್ನೊಂದು ಗಂಟೆಗೆ, ಕಾರಿಡಾರಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಎಷ್ಟು ಕ್ಲಾಸಲ್ಲಿ ಮೇಷ್ಟ್ರು ಇದಾರೆ, ಲೈಬ್ರರೀಲಿ ಎಷ್ಟು ಮಕ್ಳು ಇದಾರೆ ಎಣಿಸ್ಕೊಂಡು ಬನ್ನಿ ಅಂದೆ.

ಹೋಗಿದ್ರಂತೆ, ನಮ್ಮದಲ್ಲ, ಬೇರೆ ಒಂದಕ್ಕೆ. ಸಾಯಂಕಾಲ ಫೋನ್ ಬಂತು.

"ಗೇಟಲ್ಲೇ ನಿಲ್ಸಿಬಿಟ್ಟ ಕಣೇ ಸೆಕ್ಯುರಿಟಿ. ಇವತ್ತೇನೂ ಪ್ರೋಗ್ರಾಂ ಇಲ್ವಲ್ಲಮ್ಮಾ, ಯಾಕ್ ಬಂದ್ರಿ ಅಂತಾನೆ."