ಹಳೆಯ ಕ್ಯಾಂಪರ್ ವ್ಯಾನ್, ಸೋರುವ ಕೂಲಂಟ್

ಬೆಳಿಗ್ಗೆ ಎದ್ದು ನೋಡಿದರೆ ವ್ಯಾನಿನ ಕೆಳಗೆ ಹಸಿರು ನೀರು, ಸಿಹಿ ವಾಸನೆ. ಇಂಜಿನ್ ತಣ್ಣಗಿಡುವ ದ್ರವ, ಕೂಲಂಟೇ. ಮೊದಲು ಅದನ್ನು ಒರೆಸಿ ತೆಗೆದೆ, ಸಿಹಿ ಇದೆ ಅಂತ ನಾಯಿ ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ (ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ) ಟಾರ್ಚ್ ಹಿಡಿದು ಒಂದೊಂದೇ ಹೋಸ್ ಅಮುಕಿ ನೋಡುತ್ತಾ ಹೋದೆ. ಹೀಟರ್‌ಗೆ ಹೋಗುವ ಹೋಸನ್ನು ಬಿಗಿದಿಡುವ ಕ್ಲಾಂಪ್ ಸುತ್ತ ಬಿಳಿ ಪುಡಿ ಕಟ್ಟಿತ್ತು, ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಕ್ಲಾಂಪ್ ಬಿಗಿ ಮಾಡಿದರೆ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಹೋಸನ್ನೇ ಬದಲಿಸಿದೆ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ ತುಂಬಿದೆ. ಜಾಸ್ತಿ ಹೊತ್ತು ಹಿಡಿದದ್ದು ಗಾಳಿ ತೆಗೆಯುವುದಕ್ಕೆ. ಪೈಪಿನೊಳಗೆ ಗಾಳಿ ಉಳಿದರೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಹೀಟರ್ ಪೂರ್ತಿ ತಿರುಗಿಸಿ, ಒಳಗೆ ಬಿಸಿ ಗಾಳಿ ಬರುವವರೆಗೂ ಇಂಜಿನ್ ಆನ್‌ನಲ್ಲೇ ಇಟ್ಟು, ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳನ್ನೇ ನೋಡುತ್ತಾ ಕೂತಿದ್ದೆ.