ಪಟ್ಟಿ ಫೈಲಿಗೆ ಬೀಗ ಬಿದ್ದ ಸೋಮವಾರ

ಅಕ್ಟೋಬರ್ ಕೊನೆಯ ವಾರವೆಂದರೆ ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ಬಂದು ಬೀಳುವ ಹೊತ್ತು. ಅಂಥದೊಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕಚೀಟಿ) ಫೈಲು ಯಾವ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ಅಡ್ಮಿನ್ ಅನ್ನುವ ಬಳಕೆದಾರ ಇಂಥ ಯಂತ್ರದಲ್ಲಿ ಅದನ್ನು ಹಿಡಿದಿಟ್ಟಿದ್ದಾನೆ ಅನ್ನುವ ಸಂದೇಶವಷ್ಟೇ ಬರುತ್ತಿತ್ತು. ತೂಕ, ಚೀಲದ ಲೆಕ್ಕ, ಹಮಾಲಿ, ಮುಂಗಡ ಎಲ್ಲವೂ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನ ಒಂದೇ ಫೈಲಿನಲ್ಲಿತ್ತು. ಒಂದು ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿನಲ್ಲಿದ್ದ ಆ ಫೈಲನ್ನು ಐದೂ ಕಂಪ್ಯೂಟರುಗಳು ಬಳಸುತ್ತಿದ್ದವು.

"ಯಾರೋ ಅಡ್ಮಿನ್ ಅಂತೆ, ಹಿಡ್ಕಂಡಾನೆ ಸಾರ್. ನಮ್ ಅಂಗಡಿಯಾಗೆ ಅಡ್ಮಿನ್ ಅಂಬೋರೇ ಇಲ್ಲ" ಅಂದರು ಗುಮಾಸ್ತರು, ನೋಡಲು ಹೋದ ನಮಗೆ. ಈ ಹೆಸರು ಬಹಳ ಜನರ ದಾರಿ ತಪ್ಪಿಸುತ್ತದೆ. ಆಕ್ಸೆಸ್‌ನಲ್ಲಿ ಬೇರೆ ಲಾಗಿನ್ ಮಾಡಿಕೊಳ್ಳದಿದ್ದರೆ ಪ್ರತಿಯೊಬ್ಬ ಬಳಕೆದಾರನೂ ಅಡ್ಮಿನ್ನೇ. ಆ ಸಂದೇಶದಲ್ಲಿ ಓದಬೇಕಾದ್ದು ಅದರ ಪಕ್ಕದಲ್ಲಿರುವ ಯಂತ್ರದ ಹೆಸರು. ಇಲ್ಲಿ ಅದು ವಿಂಡೋಸ್ ತಾನೇ ಇಟ್ಟದ್ದು: ಡೆಸ್ಕ್‌ಟಾಪ್ ಅಂತ ಶುರುವಾಗಿ, ಮುಂದೆ ಅಕ್ಷರ ಅಂಕಿಗಳ ಕಲಬೆರಕೆ. ಅದು ಯಾವ ಟೇಬಲ್ಲಿನ ಕಂಪ್ಯೂಟರ್ ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಹುಡುಗನೊಬ್ಬ ಬೀಗದ ಫೈಲನ್ನು ಅಳಿಸಲು ನಾಲ್ಕು ಸಲ ಪ್ರಯತ್ನಿಸಿಯಾಗಿತ್ತು. ಎಸಿಸಿಡಿಬಿ, ಅಂದರೆ ಆಕ್ಸೆಸ್ ಫೈಲನ್ನು ಹಂಚಿಕೆಯಲ್ಲಿ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಎಲ್‌ಎಸಿಸಿಡಿಬಿ ಫೈಲು ಹುಟ್ಟುತ್ತದೆ, ಅದೇ ಬೀಗದ ಫೈಲು. ಹಳೆಯ ಎಂಡಿಬಿ ಮಾದರಿಯ ಫೈಲಿಗಾದರೆ ಎಲ್‌ಡಿಬಿ. ಕೊನೆಯವರು ಮುಚ್ಚಿದಾಗ ಅದು ತಾನೇ ಅಳಿಯಬೇಕು. ಯಾರೂ ಒಳಗಿಲ್ಲದೆಯೂ ಉಳಿದಿದ್ದರೆ ಕೈಯಿಂದ ಅಳಿಸಬಹುದು, ತೊಂದರೆಯಿಲ್ಲ. 'ಬಳಕೆಯಲ್ಲಿದೆ' ಅಂತ ವಿಂಡೋಸ್ ತಡೆದರೆ ಯಾರೋ ಒಳಗಿದ್ದಾರೆ ಅಂತಲೇ ಅರ್ಥ. ಹುಡುಗನ ನಾಲ್ಕು ಸೋಲುಗಳು ನಮಗೆ ಕೊಟ್ಟ ಮೊದಲ ಸುಳಿವು ಇದೇ.

ಬೀಗದ ಫೈಲಿನ ಪ್ರತಿ ತೆಗೆದು ನೋಟ್‌ಪ್ಯಾಡಿನಲ್ಲಿ ತೆರೆದೆವು. ಒಬ್ಬೊಬ್ಬ ಬಳಕೆದಾರನಿಗೆ 64 ಬೈಟ್: ಮೊದಲ 32ರಲ್ಲಿ ಕಂಪ್ಯೂಟರಿನ ಹೆಸರು, ಮುಂದಿನ 32ರಲ್ಲಿ ಅಡ್ಮಿನ್. ಮೂರು ಹೆಸರು ಕಂಡವು. ಹಾಗಂತ ಮೂವರೂ ಒಳಗಿದ್ದಾರೆ ಅಂದುಕೊಳ್ಳಬಾರದು. ಹೊರಹೋದವರ ಹೆಸರನ್ನು ಆಕ್ಸೆಸ್ ಒರೆಸುವುದಿಲ್ಲ. ಆ ಜಾಗಕ್ಕೆ ಇನ್ನೊಬ್ಬರು ಬರುವತನಕ ಅದು ಹಾಗೇ ಇರುತ್ತದೆ.

ಈಗ ಒಳಗಿರುವವರು ಯಾರೆಂದು ಸುಲಭವಾಗಿ ಹೇಳಬಲ್ಲದ್ದು ಫೈಲು ಇಟ್ಟಿರುವ ಕಂಪ್ಯೂಟರ್. ಅದರಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್‌ಗೆ ಹೋದರೆ ತೆರೆದ ಫೈಲುಗಳನ್ನು ತೋರಿಸುವ ಓಪನ್ ಫೈಲ್ಸ್, ಸಂಪರ್ಕದಲ್ಲಿರುವ ಕಂಪ್ಯೂಟರುಗಳನ್ನು ತೋರಿಸುವ ಸೆಷನ್ಸ್ ಎರಡೂ ಸಿಗುತ್ತವೆ. ಐದೂ ಕಂಪ್ಯೂಟರುಗಳಿಗೆ ಒಂದೇ ಬಳಕೆದಾರ ಹೆಸರು ಕೊಟ್ಟಿದ್ದರಿಂದ ಓಪನ್ ಫೈಲ್ಸ್‌ನಿಂದ ಉಪಯೋಗವಾಗಲಿಲ್ಲ. ಸೆಷನ್ಸ್‌ನಲ್ಲಿ ಒಂದು ಸಾಲು ಎದ್ದು ಕಂಡಿತು: ತೆರೆದ ಫೈಲುಗಳು ಎರಡು, ಸುಮ್ಮನಿರುವ ಸಮಯ ಹದಿಮೂರು ಗಂಟೆ ಮೇಲೆ. ಅಂಗಡಿಯೊಳಗಿದ್ದ ನಾಲ್ಕು ಕಂಪ್ಯೂಟರುಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೋಸ್ಟ್‌ನೇಮ್ ಅಂತ ಟೈಪ್ ಮಾಡಿ ನೋಡಿದೆವು. ಆ ಸಾಲಿನ ಯಂತ್ರದ ಹೆಸರಿಗೆ ಯಾವುದೂ ತಾಳೆಯಾಗಲಿಲ್ಲ. ಉಳಿದದ್ದು ಹಿಂದಿನ ತೂಕದ ಕೋಣೆಯದ್ದು. ಕೋಣೆಗೆ ಬೀಗ, ಕೀಲಿ ತೂಕದವರ ಜೇಬಿನಲ್ಲಿ, ತೂಕದವರು ಹರಿಹರದಲ್ಲಿ.

ಸಾಹುಕಾರರು ಮೇನ್ ಸ್ವಿಚ್ ಕಡೆ ನೋಡಿದರು. ಬೇಡ ಅಂದೆವು. ಓಪನ್ ಫೈಲ್ಸ್‌ನಲ್ಲಿ ಬಲಕ್ಲಿಕ್ ಮಾಡಿದರೆ ಆ ಫೈಲನ್ನು ಬಲವಂತವಾಗಿ ಮುಚ್ಚಬಹುದು, ನಿಜ. ಆದರೆ ಆಕ್ಸೆಸ್‌ನಲ್ಲಿ ಬರೆಯುವ ಕೆಲಸವೆಲ್ಲ ಬಳಕೆದಾರನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅರ್ಧ ಬರೆದಾಗ ಸಂಪರ್ಕ ಕಡಿದರೆ ಫೈಲೇ ಕೆಡಬಹುದು. ಶನಿವಾರದ ಬ್ಯಾಕಪ್ ಇತ್ತು, ಆದರೆ ಭಾನುವಾರ ಸಂಜೆ ತುಂಬಿದ ತೂಕಗಳು ಅದರಲ್ಲಿರಲಿಲ್ಲ. ಕೀಲಿ ಬರುವತನಕ ಕಾರ್ಬನ್ ಹಾಳೆಯ ಪುಸ್ತಕದಲ್ಲಿ ಪಟ್ಟಿ ಬರೆಯಿರಿ ಅಂದೆವು. ಒಂದೂವರೆ ಗಂಟೆ ಹಾಗೇ ನಡೆಯಿತು.

ಬಾಗಿಲು ತೆಗೆದಾಗ ಪರದೆ ಕಪ್ಪಗಿತ್ತು, ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಿತ್ತು. ಪಾಸ್‌ವರ್ಡ್ ಹಾಕಿದರೆ ನಡುವೆ ಒಂದು ಚಿಕ್ಕ ಚೌಕ: ಫಾರ್ಮಿನ ವಿನ್ಯಾಸದಲ್ಲಿ ಮಾಡಿದ ಬದಲಾವಣೆ ಉಳಿಸಬೇಕೆ? ಹಿಂದೆ ತೂಕದ ಫಾರ್ಮು, ಅದರಲ್ಲಿ ಹೊಸದಾಗಿ ಎಳೆದಿಟ್ಟ ಒಂದು ಖಾನೆ, ಹೆಸರು ತೇವಾಂಶ. ಬೆಂಬಲ ಬೆಲೆ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇ 14 ಮೀರಬಾರದಲ್ಲ, ಅದನ್ನೂ ದಾಖಲಿಸೋಣ ಅಂತ ತೂಕದವರು ಒಳ್ಳೆಯ ಮನಸ್ಸಿನಿಂದಲೇ ಕೈಹಾಕಿದ್ದರು. ಎಲ್ಲರೂ ಹೋದ ಮೇಲೆ ಒಬ್ಬರೇ ಒಳಗಿದ್ದಾಗ ಫಾರ್ಮಿನ ವಿನ್ಯಾಸ ಬದಲಿಸಿದರೆ ಆಕ್ಸೆಸ್ ಇಡೀ ಫೈಲನ್ನು ಅವರೊಬ್ಬರ ಕೈಗೆ ಕೊಟ್ಟುಬಿಡುತ್ತದೆ. ಅದನ್ನು ಉಳಿಸಿ ಮುಚ್ಚುವತನಕ ಬೇರೆಯವರಿಗೆ ಪ್ರವೇಶವಿಲ್ಲ.

ಯೆಸ್ ಒತ್ತಿ ಫೈಲು ಮುಚ್ಚಿದೆವು. ಫೋಲ್ಡರಿನಲ್ಲಿ ಬೀಗದ ಫೈಲು ಮಾತ್ರ ಹಾಗೇ ಇತ್ತು! ಈ ಸಲ ಫೈಲು ಇಟ್ಟಿದ್ದ ಕಂಪ್ಯೂಟರಿನಿಂದಲೇ ಅಳಿಸಲು ಹೋದರೆ ಸಲೀಸಾಗಿ ಅಳಿಯಿತು. ಅಂದರೆ ಇದು ಬೇರೆಯೇ ದೋಷ: ಆ ಫೋಲ್ಡರಿನಲ್ಲಿ ಉಳಿದ ಕಂಪ್ಯೂಟರುಗಳಿಗೆ ಬರೆಯುವ ಅನುಮತಿ ಇತ್ತು, ಅಳಿಸುವ ಅನುಮತಿ ಇರಲಿಲ್ಲ. ಶೇರಿಂಗ್ ಟ್ಯಾಬಿನಲ್ಲಿ ಚೇಂಜ್, ಸೆಕ್ಯೂರಿಟಿ ಟ್ಯಾಬಿನಲ್ಲಿ ಮಾಡಿಫೈ, ಎರಡೂ ಇರಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೈಲಿಗಷ್ಟೇ ಕೊಟ್ಟರೆ ಸಾಲದು, ಫೋಲ್ಡರಿಗೇ ಕೊಡಬೇಕು.

ಸಂಜೆ ಅಂಗಡಿ ಖಾಲಿಯಾದ ಮೇಲೆ ಮೊದಲು ಫೈಲಿನ ಪ್ರತಿ ತೆಗೆದು, ಆಮೇಲೆ ಫೈಲನ್ನು ಚಿಕ್ಕದು ಮಾಡಿ ಸರಿಪಡಿಸುವ ಕಂಪ್ಯಾಕ್ಟ್ ಅಂಡ್ ರಿಪೇರ್ ಓಡಿಸಿದೆವು. ಮುಖ್ಯ ಕೆಲಸ ಫೈಲನ್ನು ಎರಡಾಗಿ ಸೀಳುವುದು. ಡೇಟಾಬೇಸ್ ಟೂಲ್ಸ್‌ನಲ್ಲಿ ಆಕ್ಸೆಸ್ ಡೇಟಾಬೇಸ್ ಅನ್ನುವ ಗುಂಡಿಯೇ ಅದನ್ನು ಮಾಡುತ್ತದೆ. ಟೇಬಲ್ಲುಗಳು ಹಂಚಿಕೆಯ ಫೋಲ್ಡರಿನಲ್ಲಿ ಉಳಿಯುತ್ತವೆ, ಫಾರ್ಮು ರಿಪೋರ್ಟುಗಳಿರುವ ಭಾಗದ ಒಂದೊಂದು ಪ್ರತಿ ಐದೂ ಕಂಪ್ಯೂಟರಿನ ಡಿಸ್ಕಿಗೆ ಹೋಗುತ್ತದೆ. ಇನ್ನು ಯಾರ ಫಾರ್ಮನ್ನು ಯಾರು ತಿದ್ದಿದರೂ ಬೇರೆಯವರಿಗೆ ಬೀಗ ಬೀಳುವುದಿಲ್ಲ. ಟೇಬಲ್ಲುಗಳ ದಾರಿಯನ್ನು ಝಡ್ ಡ್ರೈವಿನಂಥ ಅಕ್ಷರದಿಂದ ಕೊಡದೆ ಕಂಪ್ಯೂಟರಿನ ಹೆಸರಿನಿಂದಲೇ ಪೂರ್ತಿ ಕೊಡಬೇಕು. ಒಬ್ಬರ ಝಡ್ ಇನ್ನೊಬ್ಬರಲ್ಲಿ ವೈ ಆಗಿರುತ್ತದೆ. ಪ್ರತಿ ಕಂಪ್ಯೂಟರಿನ ಕ್ಲೈಂಟ್ ಸೆಟ್ಟಿಂಗ್ಸ್‌ನಲ್ಲಿ ತೆರೆಯುವ ರೀತಿ ಶೇರ್ಡ್ ಅಂತ, ದಾಖಲೆಯ ಬೀಗ ಎಡಿಟೆಡ್ ರೆಕಾರ್ಡ್ ಅಂತ, ಅಂದರೆ ತಿದ್ದುತ್ತಿರುವ ದಾಖಲೆಗೆ ಬೀಗ ಬೀಳುವಂತೆ ಇಟ್ಟೆವು. ತೂಕದ ಕೋಣೆ ವೈಫೈನಲ್ಲಿತ್ತು, ಅದಕ್ಕೆ ಕೇಬಲ್ ಎಳೆಸಿದೆವು. ಗಳಿಗೆಗೊಮ್ಮೆ ಕಡಿಯುವ ವೈಫೈ ಮೇಲೆ ಆಕ್ಸೆಸ್ ನಡೆಸುವುದು ಫೈಲು ಕೆಡಿಸಿಕೊಳ್ಳುವ ನೇರ ದಾರಿ.

ಟೇಬಲ್ಲುಗಳ ದಾರಿ ಕೊಡುವ ಮೊದಲೇ ಕಂಪ್ಯೂಟರುಗಳ ಹೆಸರು ಬದಲಿಸಿದ್ದೆವು: ತೂಕ, ಪಟ್ಟಿ, ಕ್ಯಾಶ್, ಖರೀದಿ, ಗೋದಾಮು. ಅದೇ ಹೆಸರುಗಳನ್ನು ಗುಮಾಸ್ತರು ಚೀಟಿಯಲ್ಲಿ ಬರೆದು ಮಾನಿಟರುಗಳ ಮೇಲೆ ಅಂಟಿಸಿದರು. ಎಂಟೂಕಾಲಿಗೆ ಕ್ಯಾಶಿನವರು ಕಡೆಯವರಾಗಿ ಮುಚ್ಚಿದಾಗ ಫೋಲ್ಡರಿನಲ್ಲಿದ್ದ ಬೀಗದ ಫೈಲು ತಾನೇ ಹೋಯಿತು.